ಕುಸ್ವಾರಿನ ತಟ್ಟೆ ಮತ್ತು ಕಾಯಿಹಾಲು

ಒಂದು ಧರ್ಮಕೇಂದ್ರದ ನೂರು ವರ್ಷಗಳ ಇತಿಹಾಸವನ್ನು ಬರೆಯಹೊರಟಾಗ ಇಗರ್ಜಿಯ ಕಟ್ಟಡ, ಗೋಪುರ, ಘಂಟೆ, ಶಾಲೆ, ಸೇವೆ ಸಲ್ಲಿಸಿದ ಗುರುಗಳ ನಾಮಾವಳಿ ಇವೇ ಮೊದಲು ನೆನಪಿಗೆ ಬರುವುದು ಸಹಜ. ಈ ಸ್ಮರಣ ಸಂಚಿಕೆಯ ಇತರ ಪುಟಗಳಲ್ಲಿ ಆ ವಿಷಯಗಳೆಲ್ಲ ಯಥೋಚಿತವಾಗಿ ಬಂದಿವೆ. ನಾನು ಇಲ್ಲಿ ಪ್ರಸ್ತಾಪಿಸಬಯಸುವುದು ಯಾವ ದಾಖಲೆ ಪುಸ್ತಕದಲ್ಲಿಯೂ ನಮೂದಾಗದ ಇನ್ನೊಂದು ಇತಿಹಾಸವನ್ನು. ಅದು ನಮ್ಮ ಮನೆಗಳ ಅಡುಗೆಕೋಣೆಯ ಇತಿಹಾಸ. ಅದರಲ್ಲಿಯೂ ಕ್ರಿಸ್ತ ಜಯಂತಿಯ ಕುಸ್ವಾರಿನ ಇತಿಹಾಸ.

ಕ್ರೈಸ್ತ ಲೋಕದ ಹಲವು ನಾಡುಗಳಲ್ಲಿ ಹಬ್ಬದ ತಿಂಡಿಗಳಿಗೆ ಪ್ರಾಣಿಗಳ ಕೊಬ್ಬು ಬಹುಕಾಲ ಆಧಾರವಾಗಿತ್ತು. ಇಂಗ್ಲೆಂಡಿನ ಕ್ರಿಸ್ಮಸ್ ಪುಡ್ಡಿಂಗಿಗೆ ದನದ ಮೂತ್ರಪಿಂಡದ ಸುತ್ತಲಿನ ಗಟ್ಟಿ ಕೊಬ್ಬನ್ನು ತುರಿದು ಬೆರೆಸುವುದು ವಾಡಿಕೆ. ಪೋರ್ಚುಗಲ್ಲಿನ ಕನ್ಯಾಮಠಗಳಲ್ಲಿ ಹುಟ್ಟಿದ ಬಾದಾಮಿಯ ಒಂದು ಪ್ರಸಿದ್ಧ ಸಿಹಿಗೆ 'ಸ್ವರ್ಗದ ಹಂದಿಕೊಬ್ಬು' ಎಂಬರ್ಥದ ಹೆಸರೇ ಇದೆ. ಮೊದಲು ಅದನ್ನು ಹಂದಿಯ ಕೊಬ್ಬು ಹಾಕಿಯೇ ಮಾಡುತ್ತಿದ್ದರು. ನಮ್ಮ ಹಿರಿಯರು ಪೋರ್ಚುಗೀಸರ ಕಾಲದಲ್ಲಿ ಕ್ರೈಸ್ತರಾದವರು. ಹಬ್ಬದ ತಿಂಡಿಯ ಹೆಸರನ್ನೂ ಅವರಿಂದಲೇ ಪಡೆದವರು. ಹೀಗಿರುವಾಗ ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ನಮ್ಮ ಮನೆಗಳ ಕುಸ್ವಾರಿನಲ್ಲಿ ಆ ಕೊಬ್ಬು ಏಕೆ ಇಲ್ಲ? ಅದರ ಸ್ಥಾನಕ್ಕೆ ಬಂದುದೇನು? ಅದರಿಂದ ನಮಗೆ ಒದಗಿದ ಪ್ರಯೋಜನವೇನು? ಈ ಮೂರು ಪ್ರಶ್ನೆಗಳಿಗೆ ಉತ್ತರ ಹುಡುಕುವುದೇ ಪ್ರಕೃತ ಲೇಖನದ ಉದ್ದೇಶ.

ಹೆಸರಿನಲ್ಲಿಯೇ ಉಪವಾಸ

ಕುಸ್ವಾರ್ ಎಂಬ ಶಬ್ದವನ್ನೇ ಮೊದಲು ವಿಚಾರಿಸೋಣ. ಪೋರ್ಚುಗೀಸ್ ಭಾಷೆಯ 'ಕೊನ್ಸೊವಾದ' ಎಂಬ ಪದ ಕೊಂಕಣಿಗರ ನಾಲಗೆಯಲ್ಲಿ ಕುಸ್ವಾರ್ ಆಯಿತೆಂಬುದು ಸಾಮಾನ್ಯವಾಗಿ ಒಪ್ಪಿತವಾದ ಅಭಿಪ್ರಾಯ. ಸಾಂತ್ವನವೆಂಬ ಅರ್ಥದ ಲ್ಯಾಟಿನ್ ಧಾತುವಿನಿಂದ ಹುಟ್ಟಿದ ಈ ಪದಕ್ಕೆ ಉಪವಾಸದ ದಿನ ರಾತ್ರಿ ಸ್ವೀಕರಿಸುವ, ಮಾಂಸವಿಲ್ಲದ ಲಘು ಆಹಾರವೆಂದು ಹಳೆಯ ಅರ್ಥ. ಹಗಲೆಲ್ಲ ಹಸಿದವನಿಗೆ ರಾತ್ರಿ ದೊರಕುವ ಅಲ್ಪ ಸಾಂತ್ವನ ಅದು. ಪೋರ್ಚುಗಲ್ಲಿನಲ್ಲಿ ಇಂದಿಗೂ ಡಿಸೆಂಬರ್ 24ರ ರಾತ್ರಿಯ ಊಟಕ್ಕೆ ಇದೇ ಹೆಸರು. ಉಪ್ಪುಮೀನು, ಆಲೂಗಡ್ಡೆ, ಕೋಸು, ಅವುಗಳ ಮೇಲೆ ಆಲಿವ್ ಎಣ್ಣೆ, ಇದು ಅಲ್ಲಿಯ ಸಂಪ್ರದಾಯ. ಗೋವೆಯಲ್ಲಿ ಅದೇ ಹೆಸರು ನೆರೆಹೊರೆಯವರಿಗೆ ಕಳುಹಿಸುವ ಸಿಹಿತಿಂಡಿಗಳಿಗೆ ಬಂತು. ಅಲ್ಲಿಂದ ನಮ್ಮ ಕರಾವಳಿಗೆ ಇಳಿಯಿತು.

ಹಿಂದೆ ಕ್ರಿಸ್ತ ಜಯಂತಿಯ ಮುನ್ನಾದಿನ ಉಪವಾಸದ ದಿನವಾಗಿತ್ತೆಂಬುದನ್ನು ನಮ್ಮ ಹಿರಿಯರು ಬಲ್ಲರು. 1917ರ ಧರ್ಮಸಭೆಯ ಕಾನೂನು ಸಂಹಿತೆ ಆ ದಿನ ಉಪವಾಸ ಮತ್ತು ಮಾಂಸವರ್ಜನೆ ಎರಡನ್ನೂ ವಿಧಿಸಿತ್ತು. 1966ರ ಫೆಬ್ರವರಿಯಲ್ಲಿ ಜಗದ್ಗುರು ಆರನೆಯ ಪೌಲರು ತಪಸ್ಸಿನ ನಿಯಮಗಳನ್ನು ಪರಿಷ್ಕರಿಸಿದ ಮೇಲೆ ಆ ಕಟ್ಟಳೆ ಉಳಿಯಲಿಲ್ಲ. ಅಂದರೆ ಕುಸ್ವಾರಿನ ಡಬ್ಬಗಳು ಮನೆಯಲ್ಲಿ ತುಂಬುತ್ತಿದ್ದುದು ಆಗಮನ ಕಾಲದ ಸಂಯಮದ ದಿನಗಳಲ್ಲಿ. ಅವು ತೆರೆಯುತ್ತಿದ್ದುದು ನಡುರಾತ್ರಿಯ ಬಲಿಪೂಜೆಯ ನಂತರ.

ಕೊಬ್ಬಿನ ವಿಷಯದಲ್ಲಿ ಧರ್ಮಸಭೆ

ಉಪವಾಸದಲ್ಲಿ ಯಾವ ಜಿಡ್ಡು ಸಲ್ಲುತ್ತದೆ ಎಂಬ ಪ್ರಶ್ನೆ ಯೂರೋಪಿನ ಧರ್ಮಸಭೆಯನ್ನು ಶತಮಾನಗಳ ಕಾಲ ಕಾಡಿತು. ಮಧ್ಯಯುಗದಲ್ಲಿ ಉಪವಾಸದ ದಿನಗಳಲ್ಲಿ ಮಾಂಸ, ಕೊಬ್ಬು ಮಾತ್ರವಲ್ಲದೆ ಮೊಟ್ಟೆ, ಹಾಲು, ಬೆಣ್ಣೆಗಳೂ ವರ್ಜ್ಯವಾಗಿದ್ದವು. ಆಲಿವ್ ಬೆಳೆಯುವ ದಕ್ಷಿಣದ ನಾಡುಗಳಿಗೆ ಇದು ಕಷ್ಟವೆನಿಸಲಿಲ್ಲ. ಆಲಿವ್ ಬೆಳೆಯದ ಜರ್ಮನಿಯ ಸಾಕ್ಸನಿ ಪ್ರಾಂತದವರು ಆಗಮನ ಕಾಲದ ರೊಟ್ಟಿಯನ್ನು ರುಚಿಯಿಲ್ಲದ ಎಣ್ಣೆಯಲ್ಲಿಯೇ ಮಾಡಬೇಕಾಗುತ್ತಿತ್ತು. ಅವರ ಅರಸರ ಬಿನ್ನಹವನ್ನು ಮನ್ನಿಸಿ 1491ರಲ್ಲಿ ಎಂಟನೆಯ ಇನ್ನೊಸೆಂಟ್ ಪೋಪರು ಬೆಣ್ಣೆಯನ್ನು ಬಳಸಲು ಅನುಮತಿಯಿತ್ತರು. ಅದಕ್ಕೆ ಪ್ರತಿಯಾಗಿ ದೇವಾಲಯ ನಿರ್ಮಾಣಕ್ಕೆ ಕಾಣಿಕೆ ಸಲ್ಲಿಸಬೇಕೆಂಬ ಕಟ್ಟಳೆಯಿತ್ತು. ಆ ಆಜ್ಞೆ 'ಬೆಣ್ಣೆಯ ಪತ್ರ'ವೆಂದೇ ಇತಿಹಾಸದಲ್ಲಿ ಹೆಸರಾಗಿದೆ. ಡ್ರೆಸ್ಡನ್ ನಗರದ ಸ್ಟೋಲನ್ ಎಂಬ ಕ್ರಿಸ್ಮಸ್ ರೊಟ್ಟಿ ಇಂದಿನ ರೂಪಕ್ಕೆ ಬಂದುದು ಅದರ ಬಳಿಕ. ಫ್ರಾನ್ಸಿನ ರೂವಾನ್ ಪ್ರಧಾನಾಲಯದ ಒಂದು ಗೋಪುರಕ್ಕೆ 'ಬೆಣ್ಣೆಯ ಗೋಪುರ'ವೆಂಬ ಹೆಸರು ನಿಂತುದಕ್ಕೂ ಇಂಥ ಕಾಣಿಕೆಗಳೇ ಕಾರಣ. 1520ರಲ್ಲಿ ಮಾರ್ಟಿನ್ ಲೂಥರ್ ಈ ಬಗೆಯ ಅನುಮತಿಗಳ ಮಾರಾಟವನ್ನು ಕಟುವಾಗಿ ಟೀಕಿಸಿದರು. ಆ ಟೀಕೆಯಲ್ಲಿ ಸತ್ಯಾಂಶವಿತ್ತೆಂದು ಒಪ್ಪಿಕೊಳ್ಳಲು ಇಂದು ನಾವು ಸಂಕೋಚಪಡಬೇಕಾಗಿಲ್ಲ.

ಇದಕ್ಕಿಂತಲೂ ನೋವಿನ ಅಧ್ಯಾಯ ಇನ್ನೊಂದಿದೆ. ಸ್ಪೇಯ್ನಿನ ಧರ್ಮವಿಚಾರಣಾ ಮಂಡಳಿಯ ಕಾಲದಲ್ಲಿ ಯೆಹೂದ್ಯ ಮೂಲದ ಕ್ರೈಸ್ತರ ಅಡುಗೆಮನೆಗಳ ಮೇಲೆ ಕಣ್ಣಿಡಲಾಗುತ್ತಿತ್ತು. ಹಂದಿಯ ಕೊಬ್ಬನ್ನು ಬಿಟ್ಟು ಎಣ್ಣೆಯಲ್ಲಿ ಅಡುಗೆ ಮಾಡುವುದನ್ನೇ ವಿಶ್ವಾಸಭ್ರಷ್ಟತೆಯ ಕುರುಹೆಂದು ದೂರು ಕೊಡುವವರಿದ್ದರು. ಗೋವೆಯ ಮಂಡಳಿಯೂ 1736ರ ಆಜ್ಞೆಯಲ್ಲಿ ಕೊಂಕಣಿ ಕ್ರೈಸ್ತರ ಉಡುಗೆ, ಮದುವೆಯ ಪದ್ಧತಿಗಳೊಂದಿಗೆ ಉಪ್ಪಿಲ್ಲದೆ ಅನ್ನ ಬೇಯಿಸುವ ವಾಡಿಕೆಯನ್ನು ಕೂಡ ನಿಷೇಧಿಸಿತು. ಪಾತ್ರೆಯೊಳಗೆ ಇಣುಕಿ ವಿಶ್ವಾಸವನ್ನು ಅಳೆಯಲು ಹೋದವರು ದಾರಿ ತಪ್ಪಿದರೆಂಬುದು ಇತಿಹಾಸದ ಪಾಠ. ಆ ಮಂಡಳಿ 1812ರಲ್ಲಿ ರದ್ದಾಯಿತು.

ಕೆನರಾದ ಮಣ್ಣಿನಲ್ಲಿ

ಪೋರ್ಚುಗೀಸರು 1569ರಲ್ಲಿ ಬಸ್ರೂರನ್ನು ವಶಪಡಿಸಿಕೊಂಡರು. ಮರುವರ್ಷ, ಅಂದರೆ 1570ರಲ್ಲಿ, ಕುಂದಾಪುರದ ರೊಜಾರಿ ಮಾತೆಯ ಇಗರ್ಜಿ ಸ್ಥಾಪನೆಯಾಯಿತು. ಮುಂದೆ ಸುಮಾರು ಎರಡು ಶತಮಾನಗಳ ಕಾಲ ಯುದ್ಧ, ಕ್ಷಾಮ, ತೆರಿಗೆ, ಧರ್ಮವಿಚಾರಣೆಯ ಭಯ ಇವೇ ಮೊದಲಾದ ಕಾರಣಗಳಿಂದ ಗೋವೆಯ ಕುಟುಂಬಗಳು ತಂಡತಂಡವಾಗಿ ದಕ್ಷಿಣಕ್ಕೆ ಬಂದವು. ಕೆಳದಿಯ ನಾಯಕರು ಈ ಶ್ರಮಜೀವಿಗಳಿಗೆ ನೆಲೆಯಿತ್ತರು. 1681ರಿಂದ 1684ರವರೆಗೆ ಸಂತ ಜೋಸೆಫ್ ವಾಜರು ಇದೇ ಕೆನರಾದಲ್ಲಿ ಚದುರಿಹೋದ ವಿಶ್ವಾಸಿಗಳನ್ನು ಒಟ್ಟುಗೂಡಿಸಿದರು. ಅನಂತರ 1784ರಲ್ಲಿ ಶ್ರೀರಂಗಪಟ್ಟಣದ ಸೆರೆ, 1799ರಲ್ಲಿ ಬಿಡುಗಡೆ. ಸೆರೆಯಿಂದ ಬದುಕಿ ಮರಳಿದವರು ಮನೆಗಳನ್ನೂ ಹೊಲಗಳನ್ನೂ ಹೊಸದಾಗಿ ಕಟ್ಟಿಕೊಳ್ಳಬೇಕಾಯಿತು.

ಹೀಗೆ ಮತ್ತೆ ಮತ್ತೆ ಬೇರು ಕಿತ್ತು ನೆಟ್ಟ ಜನ ಸುತ್ತಲಿನ ನೆಲದಲ್ಲಿ ದೊರೆತುದನ್ನೇ ಹಬ್ಬಕ್ಕೆ ಬಳಸಿದರು. ಮನೆಯಲ್ಲಿ ಒಲೆಯಿತ್ತು, ಯೂರೋಪಿನ ಭಟ್ಟಿ ಇರಲಿಲ್ಲ. ಆದುದರಿಂದ ತಿಂಡಿಗಳಲ್ಲಿ ಹೆಚ್ಚಿನವು ಎಣ್ಣೆಯಲ್ಲಿ ಕರಿದವು. ಕೇಕು ಮಾಡುವ ಮನೆಯವರು ಪಾತ್ರೆಯ ಕೆಳಗೂ ಮುಚ್ಚಳದ ಮೇಲೂ ಕೆಂಡವಿಟ್ಟು ಬೇಯಿಸುತ್ತಿದ್ದರು. ಅಂಗಳದಲ್ಲಿ ತೆಂಗಿನ ಮರವಿತ್ತು. ಅದೇ ಹಾಲನ್ನೂ ಎಣ್ಣೆಯನ್ನೂ ಕೊಟ್ಟಿತು.

ಇಲ್ಲಿ ಒಂದು ಸಂಗತಿಯನ್ನು ಪ್ರಾಮಾಣಿಕವಾಗಿ ಹೇಳಲೇಬೇಕು. ನಮ್ಮವರು ಸಸ್ಯಾಹಾರಿಗಳಾಗಿರಲಿಲ್ಲ. ಹಬ್ಬದ ಮಧ್ಯಾಹ್ನದ ಊಟಕ್ಕೆ ಹಂದಿಮಾಂಸದ ಪದಾರ್ಥ, ಅದರ ಜೊತೆಗೆ ಸಣ್ಣಾಂ, ಇವು ನಮ್ಮ ಸಮಾಜದ ಹೆಗ್ಗುರುತೇ ಆಗಿವೆ. ಕೊಬ್ಬು ದೊರೆಯದೆ ಹೋದುದರಿಂದ ಕಾಯಿಹಾಲು ಬಂತೆಂದು ಹೇಳುವಂತಿಲ್ಲ. ಮಧ್ಯಾಹ್ನದ ಊಟ ಮನೆಯವರದು. ಕುಸ್ವಾರಿನ ತಟ್ಟೆ ಬೇಲಿ ದಾಟಿ ಹೋಗತಕ್ಕದ್ದು. ಈ ಎರಡರ ನಡುವಿನ ಭೇದವನ್ನು ನಮ್ಮ ತಾಯಂದಿರು ಯಾರೂ ಬೋಧಿಸದೆಯೇ ಅರಿತಿದ್ದರು.

ಕಾಯಿಹಾಲು ಮಾಡುವ ಕೆಲಸ

ಹಿಟ್ಟಿಗೆ ಜಿಡ್ಡು ಏಕೆ ಬೇಕೆಂಬುದನ್ನು ಸ್ವಲ್ಪ ತಿಳಿಯುವುದು ಒಳ್ಳೆಯದು. ಗೋಧಿ ಹಿಟ್ಟಿಗೆ ನೀರು ಬಿದ್ದು ನಾದಿದಾಗ ಅದರಲ್ಲಿರುವ ಅಂಟು ನಾರಿನಂತೆ ಹೆಣೆದುಕೊಂಡು ತಿಂಡಿಯನ್ನು ಬಿರುಸಾಗಿಸುತ್ತದೆ. ಜಿಡ್ಡು ಹಿಟ್ಟಿನ ಕಣಗಳಿಗೆ ಲೇಪವಾಗಿ ಆ ಹೆಣಿಗೆಯನ್ನು ತಡೆಯುತ್ತದೆ; ಆಗ ತಿಂಡಿ ಬಾಯಲ್ಲಿ ಪುಡಿಯಾಗುತ್ತದೆ. ಯೂರೋಪಿನಲ್ಲಿ ಈ ಕೆಲಸವನ್ನು ಹಂದಿಯ ಕೊಬ್ಬು ಮಾಡಿತು. ನಮ್ಮಲ್ಲಿ ತುರಿದ ಕಾಯಿಯನ್ನು ಅರೆದು, ಬಟ್ಟೆಯಲ್ಲಿ ಹಿಂಡಿ ತೆಗೆದ ಮೊದಲ ದಪ್ಪ ಹಾಲು ಮಾಡಿತು. ಆ ಹಾಲಿನಲ್ಲಿ ಜಿಡ್ಡೂ ನೀರೂ ಒಂದರೊಳಗೊಂದು ಬೆರೆತಿರುವುದರಿಂದ ಹಿಟ್ಟು ನೆನೆಯುವುದೂ ಮೆದುವಾಗುವುದೂ ಒಂದೇ ಸಲಕ್ಕೆ ಆಗುತ್ತದೆ. ಅಕ್ಕಿ ಹಿಟ್ಟಿನಲ್ಲಿ ಆ ಅಂಟು ಇಲ್ಲ. ಅಲ್ಲಿ ಕಾಯಿಹಾಲು ಹಿಟ್ಟನ್ನು ಒಂದುಗೂಡಿಸಿ ರುಚಿಯನ್ನು ಕೊಡುತ್ತದೆ. ನಮ್ಮ ಅಜ್ಜಿಯ ಲೆಕ್ಕ ಒಂದು ಕಿಲೊ ಹಿಟ್ಟಿಗೆ ಎರಡು ಬಲಿತ ಕಾಯಿಗಳ ಹಾಲು. ಕಿಡ್ಯೊಗಳನ್ನು ಬಾಚಣಿಗೆಯ ಹಲ್ಲಿನ ಮೇಲೆ ಸುರುಳಿ ಸುತ್ತುವ ಕೆಲಸ ಮಕ್ಕಳದು. ಗುಳಿಯೊ ಉಂಡೆ ಕಟ್ಟುವುದು ಹೆಂಗಸರದು. ನೆವ್ರಿಯೊಳಗೆ ಎಳ್ಳು, ಕಾಯಿ, ಸಕ್ಕರೆಯ ಹೂರಣ ತುಂಬಿ ಅಂಚು ಮಡಿಸುವುದು ಅಜ್ಜಿಯೊಬ್ಬಳಿಗೇ ಮೀಸಲು.

ತೆಂಗಿನೆಣ್ಣೆ ಸುಮಾರು 24 ಡಿಗ್ರಿಯ ಕೆಳಗೆ ಹೆಪ್ಪುಗಟ್ಟುತ್ತದೆ. ಡಿಸೆಂಬರಿನ ಮುಂಜಾನೆ ಬಾಟಲಿಯ ಎಣ್ಣೆ ಬೆಳ್ಳಗೆ ಗಟ್ಟಿಯಾಗಿ ನಿಂತುದನ್ನು ಕಂಡಾಗ ನಮಗೆ ಮಕ್ಕಳಿಗೆ ಹಬ್ಬ ಹತ್ತಿರ ಬಂತೆಂದು ತಿಳಿಯುತ್ತಿತ್ತು. ಇದೇ ಗುಣದಿಂದಾಗಿ ಹೊರದೇಶದವರೂ ತೆಂಗನ್ನು ಹುಡುಕಿಕೊಂಡು ಬಂದರು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಜರ್ಮನಿಯ ಮ್ಯಾನ್‌ಹೈಮ್ ನಗರದ ಶ್ಲಿಂಕ್ ಕಂಪೆನಿಯವರು ತೆಂಗಿನ ಕೊಬ್ಬನ್ನು ಶುದ್ಧೀಕರಿಸಿ 'ಪಾಲ್ಮಿನ್' ಎಂಬ ಹೆಸರಿನಲ್ಲಿ ಬೆಣ್ಣೆ ಹಾಗೂ ಹಂದಿಕೊಬ್ಬಿಗೆ ಬದಲಾಗಿ ಮಾರತೊಡಗಿದರು. ನಮ್ಮ ಅಂಗಳದ ಮರವನ್ನು ನಾವು ಬಡವರ ಆಸರೆಯೆಂದು ತಿಳಿದಿದ್ದಾಗ ಅಲ್ಲಿಯ ಗೃಹಿಣಿಯರು ಅದೇ ಜಿಡ್ಡನ್ನು ಹಣ ಕೊಟ್ಟು ಕೊಂಡರು.

ಬ್ರಹ್ಮಾವರದ ನಮ್ಮ ಸಹೋದರರನ್ನೂ ಇಲ್ಲಿ ನೆನೆಯಬೇಕು. 1889ರಲ್ಲಿ ಆಲ್ವಾರಿಸ್ ಮಾರ್ ಜೂಲಿಯಸರು ಕೇರಳದಲ್ಲಿ ಮಹಾಧ್ಯಕ್ಷರಾಗಿ ಅಭಿಷಿಕ್ತರಾದ ಬಳಿಕ ಇಲ್ಲಿಯ ಹಲವು ಕುಟುಂಬಗಳು ಅವರನ್ನನುಸರಿಸಿ ಸಿರಿಯನ್ ಆರ್ಥೊಡಾಕ್ಸ್ ಸಂಪ್ರದಾಯಕ್ಕೆ ಸೇರಿದವು. ಆ ಸಂಪ್ರದಾಯದಲ್ಲಿ ಕ್ರಿಸ್ತ ಜಯಂತಿಗೆ ಮೊದಲು 25 ದಿನಗಳ ನೋಂಪು ಇದೆ. ಮಾಂಸ, ಮೀನು, ಮೊಟ್ಟೆ, ಹಾಲು ಆ ದಿನಗಳಲ್ಲಿ ವರ್ಜ್ಯ. ಕಾಯಿಹಾಲಿನ ತಿಂಡಿಗೆ ಆ ನಿಯಮದಿಂದಲೂ ಅಡ್ಡಿಯಿಲ್ಲ. ಪೂಜಾವಿಧಿಯಲ್ಲಿ ಅಗಲಿದ ಎರಡು ಮನೆಗಳು ಕುಸ್ವಾರಿನ ವಿಷಯದಲ್ಲಿ ಅಗಲಲಿಲ್ಲ.

1983ರ ಆಗಮನ ಕಾಲ

ಇಪ್ಪತ್ತನೆಯ ಶತಮಾನದಲ್ಲಿ ಹೊಸ ಜಿಡ್ಡೊಂದು ನಮ್ಮ ಅಡುಗೆಮನೆಗೆ ಬಂತು. ದ್ರವರೂಪದ ಎಣ್ಣೆಗೆ ಜಲಜನಕವನ್ನು ಹಾಯಿಸಿ ಗಟ್ಟಿಗೊಳಿಸುವ ವಿಧಾನಕ್ಕೆ ಜರ್ಮನಿಯ ವಿಲ್ಹೆಲ್ಮ್ ನಾರ್ಮನ್ 1902ರಲ್ಲಿ ಹಕ್ಕುಪತ್ರ ಪಡೆದರು. ಆ ವಿಧಾನದಿಂದ ತಯಾರಾದ ವನಸ್ಪತಿ 1937ರಿಂದ 'ಡಾಲ್ಡಾ' ಎಂಬ ಹೆಸರಿನಲ್ಲಿ ಭಾರತದ ಮನೆಮನೆಗಳನ್ನು ತಲುಪಿತು. ತುಪ್ಪಕ್ಕಿಂತ ಅಗ್ಗ, ಕಾಯಿ ಅರೆಯುವ ಶ್ರಮವಿಲ್ಲ, ಹೆಸರಿನಲ್ಲಿಯೇ ಸಸ್ಯವಿದೆ. ನಮ್ಮವರೂ ತುಕ್ಡಿಗೆ, ನೆವ್ರಿಯ ಹೊದಿಕೆಗೆ, ಕೇಕಿಗೆ ಅದನ್ನೇ ಹಾಕತೊಡಗಿದರು.

1983ರಲ್ಲಿ ವನಸ್ಪತಿಗೆ ಹೊರದೇಶದಿಂದ ತರಿಸಿದ ದನದ ಕೊಬ್ಬನ್ನು ಬೆರೆಸಿದ ಪ್ರಕರಣ ಬಯಲಾಗಿ ದೇಶವೇ ತಲ್ಲಣಿಸಿತು. ಸರ್ಕಾರ ಆ ಕೊಬ್ಬಿನ ಆಮದನ್ನು ನಿಷೇಧಿಸಿತು. ನಾನಾಗ ಮಂಗಳೂರಿನ ಜೆಪ್ಪು ಸೆಮಿನರಿಯ ವಿದ್ಯಾರ್ಥಿ. ಧರ್ಮಸಭೆಯ ಹೊಸ ಕಾನೂನು ಸಂಹಿತೆ ಅದೇ ವರ್ಷ ನವೆಂಬರ್ 27ರಂದು, ಆಗಮನ ಕಾಲದ ಮೊದಲ ಭಾನುವಾರ, ಜಾರಿಗೆ ಬಂದಿತ್ತು. ನಮ್ಮ ತಲೆಯ ತುಂಬ ಕಾನೂನೇ ತುಂಬಿತ್ತು. ರಜೆಯಲ್ಲಿ ಮನೆಗೆ ಬಂದಾಗ ಅಜ್ಜಿ ಅಡುಗೆಕೋಣೆಯ ಮೂಲೆಯಲ್ಲಿ ವನಸ್ಪತಿಯ ಡಬ್ಬವನ್ನು ಮುಂದಿಟ್ಟುಕೊಂಡು ಚಿಂತೆಯಲ್ಲಿ ಕುಳಿತಿದ್ದರು. ಕಳೆದ ಹಲವು ವರ್ಷಗಳಿಂದ ಅದನ್ನು ಹಾಕಿದ ತಿಂಡಿ ಪಕ್ಕದ ಮನೆಗೂ ಹೋಗಿತ್ತು. ಅಲ್ಲಿಯವರು ಮೊಟ್ಟೆಯನ್ನೂ ಮುಟ್ಟದವರು.

ಅಜ್ಜಿಯನ್ನು ಸಮಾಧಾನಪಡಿಸುವುದು ಸುಲಭವೆಂದು ನಾನೆಣಿಸಿದೆ. ಧರ್ಮಸಭೆಯ 1917ರ ಸಂಹಿತೆಯೇ ಮಾಂಸವರ್ಜನೆಯ ದಿನವೂ ಪ್ರಾಣಿಯ ಕೊಬ್ಬಿನ ಒಗ್ಗರಣೆಯನ್ನು ನಿಷೇಧಿಸಿಲ್ಲ; 1966ರ ಪರಿಷ್ಕರಣೆಯೂ ಅದನ್ನೇ ಉಳಿಸಿಕೊಂಡಿದೆ; ಆದುದರಿಂದ ಪಾಪದ ಮಾತೇ ಇಲ್ಲ ಎಂದು ವಿವರಿಸಿದೆ. ಅಜ್ಜಿ ಪೂರ್ತಿ ಕೇಳಿದರು. ಬಳಿಕ ಹೇಳಿದರು: "ಮಗಾ, ನಿನ್ನ ಕಾನೂನು ನಾವು ತಿನ್ನುವುದಕ್ಕೆ ಆಯಿತು. ನಾನು ಕೇಳಿದ್ದು ಕೊಟ್ಟದ್ದರ ವಿಷಯ."

ನನಗೆ ಉತ್ತರ ತೋಚಲಿಲ್ಲ. ಕೊರಿಂಥದ ವಿಶ್ವಾಸಿಗಳಿಗೆ ಬರೆದ ಮೊದಲ ಪತ್ರದ ಎಂಟನೆಯ ಅಧ್ಯಾಯದಲ್ಲಿ ಸಂತ ಪೌಲರು ಇದೇ ವಿಷಯವನ್ನು ಚರ್ಚಿಸಿದ್ದಾರೆ. ತನಗೆ ತಿನ್ನಲು ಸ್ವಾತಂತ್ರ್ಯವಿದ್ದರೂ ಅದರಿಂದ ಸಹೋದರನ ಅಂತಃಕರಣಕ್ಕೆ ನೋವಾಗುವುದಾದರೆ ತಾನು ಮಾಂಸವನ್ನೇ ಮುಟ್ಟಲಾರೆನೆಂಬುದು ಅವರ ನಿರ್ಧಾರ. ಆ ಅಧ್ಯಾಯವನ್ನು ನಾನು ಪರೀಕ್ಷೆಗಾಗಿ ಓದಿದ್ದೆ. ಅಕ್ಷರ ಬಾರದ ಅಜ್ಜಿ ಅದರಂತೆ ನಡೆಯುತ್ತಿದ್ದರು.

ಮರುದಿನ ಅಜ್ಜಿ ಪಕ್ಕದ ಮನೆಗೆ ತಾವೇ ಹೋಗಿ ವಿಷಯವನ್ನು ಮುಚ್ಚಿಡದೆ ಹೇಳಿದರು. ಆ ಮನೆಯ ಹಿರಿಯರು ಕೆಲಕಾಲ ಸುಮ್ಮನಿದ್ದು, "ನಮ್ಮ ಮನೆಗೂ ಅದೇ ಡಬ್ಬ ಬರುತ್ತಿತ್ತಲ್ಲ, ಅಮ್ಮ. ಮೋಸ ಹೋದವರು ನಾವು ಇಬ್ಬರೂ" ಎಂದರಂತೆ. ಆ ವರ್ಷ ನಮ್ಮ ಮನೆಯಲ್ಲಿ ಕಡೆಯುವ ಕಲ್ಲು ಮತ್ತೆ ತಿರುಗಿತು. ಕಾಯಿಗಳು ಸಾಲದೆ ಬಂದಾಗ ಪಕ್ಕದ ಮನೆಯಿಂದಲೇ ಆರು ಕಾಯಿಗಳು ಬಂದವು. ಹೊಸ ಎಣ್ಣೆಯಲ್ಲಿ ಮೊದಲ ಸುತ್ತು ಕರಿದುದು ಅವರ ತಟ್ಟೆಗೆ. ಮೊಟ್ಟೆ ಹಾಕಿದ ತಿಂಡಿಯ ಸರದಿ ಅದರ ಅನಂತರ, ಬೇರೆ ಪಾತ್ರೆಯಲ್ಲಿ. ಎರಡು ಡಬ್ಬಗಳ ಈ ಪದ್ಧತಿಯನ್ನು ನಾನು ಮುಂದೆ ಸೇವೆ ಸಲ್ಲಿಸಿದ ಊರುಗಳ ಅನೇಕ ಮನೆಗಳಲ್ಲಿ ಕಂಡಿದ್ದೇನೆ. ಬೇಯಿಸಿದ್ದನ್ನು ಸ್ವೀಕರಿಸದ ಮನೆಗಳೂ ಇದ್ದವು. ಅಲ್ಲಿಗೆ ಬಾಳೆಹಣ್ಣು, ಸಕ್ಕರೆ ಹೋಗುತ್ತಿದ್ದವು. ಚೌತಿಗೆ, ದೀಪಾವಳಿಗೆ ಆ ಮನೆಗಳ ತಟ್ಟೆ ನಮ್ಮಲ್ಲಿಗೆ ಬರುತ್ತಿತ್ತು. ತಟ್ಟೆಯನ್ನು ಬರಿದಾಗಿ ಹಿಂದಿರುಗಿಸುವ ವಾಡಿಕೆ ಎರಡು ಕಡೆಯೂ ಇರಲಿಲ್ಲ.

ಇಂದಿನ ದಿನ

ಕೃತಕವಾಗಿ ಗಟ್ಟಿಗೊಳಿಸಿದ ಜಿಡ್ಡಿನಲ್ಲಿ ಹೃದಯಕ್ಕೆ ಹಾನಿಕರವಾದ ಟ್ರಾನ್ಸ್ ಕೊಬ್ಬು ಇರುವುದನ್ನು ವೈದ್ಯವಿಜ್ಞಾನ ಬಳಿಕ ಕಂಡುಕೊಂಡಿತು. ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರ ಎಣ್ಣೆ ಮತ್ತು ಜಿಡ್ಡುಗಳಲ್ಲಿ ಅದರ ಮಿತಿಯನ್ನು 2021ರಲ್ಲಿ ಶೇಕಡಾ 3ಕ್ಕೂ 2022ರಲ್ಲಿ ಶೇಕಡಾ 2ಕ್ಕೂ ಇಳಿಸಿತು. ಹಾಗೆಂದು ಕಾಯಿಹಾಲು ಸರ್ವರೋಗಕ್ಕೂ ಮದ್ದೆಂದು ನಾನು ಹೇಳುತ್ತಿಲ್ಲ. ತೆಂಗಿನ ಜಿಡ್ಡಿನಲ್ಲಿಯೂ ಶೇಕಡಾ 90ರಷ್ಟು ಸ್ಯಾಚುರೇಟೆಡ್ ಕೊಬ್ಬೇ ಇದೆ. ವೈದ್ಯರು ಮಿತಿ ಹೇಳಿದ್ದರೆ ಅದನ್ನು ಪಾಲಿಸತಕ್ಕದ್ದು. ಅದೃಷ್ಟವಶಾತ್ ಕುಸ್ವಾರ್ ವರ್ಷಕ್ಕೊಮ್ಮೆ ಬರುವ ಸಂಭ್ರಮ.

ನನ್ನ ಚಿಂತೆ ಆರೋಗ್ಯಕ್ಕಿಂತ ಬೇರೆಯದು. ಇಂದು ನಮ್ಮ ಹಲವು ಮನೆಗಳಲ್ಲಿ ವೃದ್ಧ ದಂಪತಿಗಳು ಮಾತ್ರ ಉಳಿದಿದ್ದಾರೆ. ಮಕ್ಕಳು ಮುಂಬಯಿ, ಬೆಂಗಳೂರು, ಕೊಲ್ಲಿ ರಾಷ್ಟ್ರಗಳಲ್ಲಿದ್ದಾರೆ. ಕಿಡ್ಯೊ ಸುರುಳಿ ಸುತ್ತಲು ಕೈಗಳಿಲ್ಲ. ಅಂಗಡಿಯಿಂದ ತಂದ ಪೊಟ್ಟಣದಲ್ಲಿ ಕುಸ್ವಾರ್ ಬರುತ್ತದೆ. ಕೊಂಡು ತರುವುದರಲ್ಲಿ ತಪ್ಪೇನೂ ಇಲ್ಲ. ತಯಾರಿಸಿ ಮಾರುವ ನಮ್ಮ ಸೋದರಿಯರ ಜೀವನಕ್ಕೆ ಅದು ಆಧಾರವೂ ಹೌದು. ಆದರೆ ಅದರೊಳಗೆ ಏನಿದೆ, ಅದನ್ನು ಪಡೆಯುವ ನೆರೆಯವರಿಗೆ ಅದು ಸಲ್ಲುತ್ತದೆಯೇ ಎಂದು ಕೇಳುವ ಅಭ್ಯಾಸ ನಮ್ಮಿಂದ ಮರೆಯಾಗುತ್ತಿದೆ. ಅದರೊಡನೆ ತಟ್ಟೆ ಹೊತ್ತು ಬೇಲಿ ದಾಟುವ ಅಭ್ಯಾಸವೂ ಮರೆಯಾಗುತ್ತಿದೆ. ಎತ್ತರದ ಆವರಣ ಗೋಡೆಗಳು ಎದ್ದ ಮೇಲೆ ಪಕ್ಕದ ಮನೆಯವರ ಹೆಸರನ್ನೂ ತಿಳಿಯದ ಮಕ್ಕಳು ನನ್ನ ಧರ್ಮೋಪದೇಶದ ತರಗತಿಯಲ್ಲಿದ್ದಾರೆ.

ನೂರು ವರ್ಷಗಳ ಹಿಂದೆ ನಮ್ಮ ಇಗರ್ಜಿ ಎದ್ದು ನಿಂತಾಗ ಅದರ ಸುತ್ತಲಿನ ಮನೆಗಳಲ್ಲಿ ಬಹುಪಾಲು ಅನ್ಯಧರ್ಮೀಯರದಾಗಿದ್ದವು, ಇಂದೂ ಅಷ್ಟೇ. ಅವರ ನಡುವೆ ನಾವು ಸೌಹಾರ್ದದಿಂದ ಬಾಳಿದುದಕ್ಕೆ ಗುರುಗಳ ಪ್ರಸಂಗಗಳಷ್ಟೇ ನಮ್ಮ ತಾಯಂದಿರ ತಟ್ಟೆಗಳೂ ಕಾರಣವೆಂದು ನಾನು ಭಾವಿಸಿದ್ದೇನೆ. ಈ ಶತಮಾನೋತ್ಸವದ ವರ್ಷ ಪ್ರತಿಯೊಂದು ಕುಟುಂಬವೂ ಒಂದು ತಿಂಡಿಯನ್ನಾದರೂ ಕಾಯಿಹಾಲಿನಲ್ಲಿ ಮನೆಯಲ್ಲಿಯೇ ಮಾಡಿ, ಮಕ್ಕಳ ಕೈಯಲ್ಲಿ ಕೊಟ್ಟು, ಪಕ್ಕದ ಮನೆಗೆ ಕಳುಹಿಸಲಿ ಎಂಬುದು ನನ್ನ ವಿನಂತಿ. ಮನೆಯಲ್ಲಿರುವ ಅಜ್ಜಿಯರಿಂದ ಲೆಕ್ಕವನ್ನು ಕೇಳಿ ಬರೆದಿಟ್ಟುಕೊಳ್ಳಿರಿ. ಪ್ರಭು ಯೇಸು ನಮ್ಮ ಮನೆಗಳನ್ನೂ ನೆರೆಮನೆಗಳನ್ನೂ ಹರಸಲಿ.